ಪದ ಬರೆದುಕೊಂಡೆವು, ಕೈ ಬಿಟ್ಟೆವು

ಕಳ್ಳಿಯ ಮುಳ್ಳನ್ನು ಹದವಾಗಿ ಚೂಪು ಮಾಡುವುದು ಆ ಮನೆಯ ಮಕ್ಕಳು ಎಳೆತನದಲ್ಲೇ ಕಲಿತ ಕೆಲಸ. ಊರು ಅಮೆರಿಕದ ವಾಷಿಂಗ್ಟನ್. ಕಾಲ 1930ರ ದಶಕ ಮುಗಿಯುವ ಹೊತ್ತು. ಹಳ್ಳಿ, ಗಣಿ, ಜೈಲುಗಳಲ್ಲಿ ಹಾಡಿಸಿ ಹಿಡಿದು ತಂದ ಧ್ವನಿಯ ಅಲ್ಯೂಮಿನಿಯಂ ತಟ್ಟೆಗಳು ಆ ಮನೆಗೆ ಬರುತ್ತಿದ್ದವು. ಗ್ರಾಮೊಫೋನಿನ ಉಕ್ಕಿನ ಮುಳ್ಳು ತಾಗಿದರೆ ಆ ಮೆದು ಲೋಹದ ಗೆರೆಗಳು ಸವೆದುಹೋಗುತ್ತವೆ. ಅದಕ್ಕೇ ಕಳ್ಳಿಮುಳ್ಳು. ಎಳೆಯ ಹುಡುಗನೊಬ್ಬ ಮುಳ್ಳು ಚೂಪು ಮಾಡಿ, ಯಂತ್ರಕ್ಕೆ ಸಿಕ್ಕಿಸಿ, ಎಲ್ಲೋ ದೂರದ ಗುಡ್ಡದಲ್ಲಿ ಯಾರೋ ಮುದುಕ ನುಡಿಸಿದ ಬ್ಯಾಂಜೊ ಕೇಳುತ್ತ ಕೂರುತ್ತಿದ್ದ. ನಮ್ಮ ಅಜ್ಜಂಪುರದ ಬೇಲಿಸಾಲಿನಲ್ಲಿ ಕಳ್ಳಿಗೆ ಬರವಿಲ್ಲ. ಬರವಿರುವುದು ಮುಳ್ಳಿನ ಕೆಳಗೆ ತಿರುಗಬೇಕಾದ ತಟ್ಟೆಗೆ.

ಹುಡುಗನ ಹೆಸರು ಮೈಕ್ ಸೀಗರ್. ಹುಟ್ಟಿದ್ದು 1933ರ ಆಗಸ್ಟ್ 15ರಂದು, ನ್ಯೂಯಾರ್ಕಿನಲ್ಲಿ. ತೀರಿಕೊಂಡದ್ದು 2009ರ ಆಗಸ್ಟ್ 7ರಂದು, ವರ್ಜೀನಿಯಾದ ಲೆಕ್ಸಿಂಗ್ಟನ್‌ನಲ್ಲಿ. ಇನ್ನೊಂದು ವಾರ ಕಳೆದಿದ್ದರೆ 76 ತುಂಬುತ್ತಿತ್ತು. ಬ್ಯಾಂಜೊ, ಪಿಟೀಲು, ಗಿಟಾರು, ಮ್ಯಾಂಡೊಲಿನ್, ಆಟೊಹಾರ್ಪ್, ಡಲ್ಸಿಮರ್, ಮೌತ್ ಆರ್ಗನ್, ಮೋರ್ಸಿಂಗ್, ಕೊಳವೆಗಳನ್ನು ಸಾಲಾಗಿ ಜೋಡಿಸಿ ಕಟ್ಟಿದ ಕ್ವಿಲ್ಸ್ ಎಂಬ ಊದುವಾದ್ಯ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸಿದವನು. ಕೆಲವೊಮ್ಮೆ ಎರಡನ್ನು ಒಟ್ಟಿಗೇ: ಮೌತ್ ಆರ್ಗನ್ನನ್ನು ಕೊರಳಿಗೆ ಸಿಕ್ಕಿಸಿಕೊಂಡು ಊದುತ್ತ, ಕೈಯಲ್ಲಿ ತಂತಿ ಮೀಟುತ್ತ. ಸಭೆಯನ್ನು ಬೆರಗುಗೊಳಿಸಲು ಒಂದೊಂದರಲ್ಲಿ ಒಂದೊಂದು ಗತ್ತು ತೋರಿಸಿ ಕೆಳಗಿಡುವ ಬಗೆಯದಲ್ಲ ಇದು. ಒಂದೇ ಬ್ಯಾಂಜೊವನ್ನು ಹತ್ತು ಊರಿನವರು ಹತ್ತು ರೀತಿ ಮೀಟುತ್ತಿದ್ದರೆ ಆ ಹತ್ತು ಮೀಟನ್ನೂ ಬೇರೆ ಬೇರೆಯಾಗಿ ಕಲಿತು, ಯಾವುದು ಯಾರದು ಎಂದು ಹೆಸರಿಟ್ಟು ನುಡಿಸುತ್ತಿದ್ದ.

ಅವನ ಮಲಅಣ್ಣ ಪೀಟ್ ಸೀಗರ್ ನಮ್ಮಲ್ಲೂ ಹೆಸರಾದವನು. ಚಳವಳಿಯ ಸಭೆಗಳಲ್ಲಿ ಹಾಡುವವರಿಗೆಲ್ಲ ಗೊತ್ತು. ತಮ್ಮನ ಹೆಸರು ಅಷ್ಟು ದೂರ ಬರಲಿಲ್ಲ. ನನ್ನ ಮಟ್ಟಿಗೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮಗೆ ಅಣ್ಣನಿಗಿಂತ ತಮ್ಮನೇ ಹೆಚ್ಚು ಬೇಕಾದವನು. ಪೀಟ್ ಜನಪದ ಹಾಡನ್ನು ಸಾವಿರಾರು ಜನರ ಬಾಯಿಗೆ ತಂದ. ಮೈಕ್ ಅದನ್ನು ಒಬ್ಬೊಬ್ಬರ ಕೈಯಿಂದ ಕಲಿತ.

ಅಪ್ಪ ಚಾರ್ಲ್ಸ್ ಸೀಗರ್ ಸಂಗೀತಶಾಸ್ತ್ರಜ್ಞರು. ದನಿಯ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಮೆಲೊಗ್ರಾಫ್ ಎಂಬ ಯಂತ್ರವನ್ನೇ ಮುಂದೆ ಮಾಡಿಸಿದವರು. ಅಮ್ಮ ರೂತ್ ಕ್ರಾಫರ್ಡ್ ಸೀಗರ್ ಹೊಸ ಪಂಥದ ಸಂಗೀತ ಸಂಯೋಜಕಿ. ಸಂಯೋಜನೆಗಾಗಿ ಗುಗನ್‌ಹೈಮ್ ಫೆಲೊಶಿಪ್ ಪಡೆದ ಮೊದಲ ಮಹಿಳೆ, ಅದೂ 1930ರಲ್ಲಿ. ಜಾನ್ ಲೊಮ್ಯಾಕ್ಸ್ ಮತ್ತು ಅವರ ಮಗ ಅಲನ್ ಲೊಮ್ಯಾಕ್ಸ್ ರೆಕಾರ್ಡಿಂಗ್ ಯಂತ್ರವನ್ನು ಕಾರಿಗೆ ಹೇರಿಕೊಂಡು ಊರೂರು ಸುತ್ತಿ ತಂದದ್ದನ್ನು ಸ್ವರಲಿಪಿಗೆ ಇಳಿಸುವ ಕೆಲಸ ರೂತ್ ಅವರ ಪಾಲಿಗೆ ಬಂತು. ಒಂದೊಂದು ಹಾಡನ್ನೂ ಹತ್ತಾರು ಸಲ ಕೇಳಿದರು. ಹಾಡುವಾಕೆ ಎಲ್ಲಿ ಉಸಿರೆಳೆದಳು, ಯಾವ ಸ್ವರ ಪೂರ್ತಿ ಮುಟ್ಟದೆ ಜಾರಿತು, ಎಲ್ಲಿ ಎಣಿಕೆ ಮೀರಿ ಎಳೆದಳು ಎಂಬುದನ್ನೂ ಗುರುತು ಹಾಕಿದರು. 1941ರಲ್ಲಿ ಅದು 'ಅವರ್ ಸಿಂಗಿಂಗ್ ಕಂಟ್ರಿ' ಎಂಬ ಪುಸ್ತಕವಾಯಿತು. ಊಟದ ಮೇಜಿನಿಂದ ಹಿಡಿದು ಮಲಗುವ ಕೋಣೆಯವರೆಗೆ ಅದೇ ತಟ್ಟೆ, ಅದೇ ದನಿ. ಮಕ್ಕಳಿಗೆ ಅದು ಪಾಠವಾಗಿರಲಿಲ್ಲ, ಮನೆಯ ಸದ್ದಾಗಿತ್ತು.

ಆ ಮನೆಗೆ ಕೆಲಸಕ್ಕೆ ಬಂದವರು ಎಲಿಜಬೆತ್ ಕಾಟನ್. ಬಂದ ಬಗೆ ಯಾರೋ ಕಟ್ಟಿದ ಕಥೆಯಂತಿದೆ, ಆದರೆ ನಿಜ. ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ರೂತ್ ಅವರ ಪುಟ್ಟ ಮಗಳು ಪೆಗ್ಗಿ ತಪ್ಪಿಸಿಕೊಂಡಳು. ಅಲ್ಲಿ ಕೆಲಸಕ್ಕಿದ್ದ ಕಪ್ಪು ಹೆಂಗಸೊಬ್ಬರು ಮಗುವನ್ನು ಹುಡುಕಿ ತಾಯಿಯ ಕೈಗೆ ಒಪ್ಪಿಸಿದರು. ಪರಿಚಯ ಬೆಳೆದು ಸೀಗರ್ ಮನೆಯ ಅಡುಗೆ, ಒಗೆತ, ಇಸ್ತ್ರಿಯ ಕೆಲಸ ಅವರದಾಯಿತು. ಮಕ್ಕಳು ಅವರನ್ನು ಲಿಬ್ಬಾ ಎಂದು ಕರೆದರು. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಅವರು ಗೋಡೆಯ ಮೇಲಿದ್ದ ಗಿಟಾರು ತೆಗೆದುಕೊಂಡು ನುಡಿಸುವುದು ಮಕ್ಕಳ ಕಿವಿಗೆ ಬಿತ್ತು. ಎಡಚಿ. ಬಲಗೈಯವರಿಗೆಂದು ತಂತಿ ಕಟ್ಟಿದ ಗಿಟಾರನ್ನು ಹಾಗೇ ತಲೆಕೆಳಗಾಗಿ ಹಿಡಿದಿದ್ದರು. ಬೇರೆಯವರು ಹೆಬ್ಬೆರಳಲ್ಲಿ ಮೀಟುವ ಮಂದ್ರದ ತಂತಿಗಳನ್ನು ಇವರು ಬೆರಳುಗಳಲ್ಲಿ ಮೀಟುತ್ತಿದ್ದರು, ರಾಗವನ್ನು ಹೆಬ್ಬೆರಳಲ್ಲಿ. ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ಪಕ್ಕದ ಊರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಮನೆಗೆಲಸಕ್ಕೆ ಸೇರಿ, ಆ ಸಂಬಳ ಕೂಡಿಟ್ಟು ಗಿಟಾರು ಕೊಂಡವರು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಕಟ್ಟಿದ ಹಾಡು 'ಫ್ರೇಟ್ ಟ್ರೇನ್'. ಇಗರ್ಜಿಯವರು ಇದು ಸೈತಾನನ ಸಂಗೀತ ಎಂದದ್ದಕ್ಕೆ, ಮದುವೆ ಮಕ್ಕಳು ಎಂದು ಬಾಳು ಎಳೆದದ್ದಕ್ಕೆ, ಗಿಟಾರು ಬಿಟ್ಟು ದಶಕಗಳೇ ಕಳೆದಿದ್ದವು.

ಮೈಕ್ ಮಾಡಿದ್ದು ಇಷ್ಟೆ. ಟೇಪ್ ರೆಕಾರ್ಡರ್ ತಂದು ಲಿಬ್ಬಾ ಅವರ ಮನೆಯಲ್ಲೇ ಇಟ್ಟು, ಮೊಮ್ಮಕ್ಕಳು ಓಡಾಡುವ ಆ ಮನೆಯಲ್ಲಿ, ಬಿಡುವಾದಾಗೆಲ್ಲ ನುಡಿಸಲು ಹೇಳಿದ. 1958ರಲ್ಲಿ ಫೋಕ್‌ವೇಸ್ ಕಂಪನಿಯಿಂದ ಅದು ತಟ್ಟೆಯಾಗಿ ಬಂತು. ಆಗ ಅವರು ಅರವತ್ತು ದಾಟಿದ್ದರು. ಮುಂದೆ ಮೈಕ್ ಜೊತೆಯಲ್ಲೇ ವೇದಿಕೆ ಹತ್ತಿದರು. 1985ರಲ್ಲಿ, ತೊಂಬತ್ತು ದಾಟಿದ ಮೇಲೆ, ಗ್ರ್ಯಾಮಿ ಪ್ರಶಸ್ತಿ. ಲೋಕದ ಗಿಟಾರು ಪಾಠಗಳಲ್ಲಿ ಇವತ್ತು 'ಕಾಟನ್ ಶೈಲಿ' ಎಂದೊಂದು ಅಧ್ಯಾಯವೇ ಇದೆ. ನಡುವೆ ಕಹಿಯೂ ಇದೆ. ಪೆಗ್ಗಿ ಇಂಗ್ಲೆಂಡಿಗೆ ಹೋದಾಗ 'ಫ್ರೇಟ್ ಟ್ರೇನ್' ಹಾಡಿದಳು. ಕೇಳಿದ ಯಾರೋ ಅದನ್ನು ತಮ್ಮ ಹೆಸರಿಗೆ ದಾಖಲಿಸಿಕೊಂಡರು. 1957ರಲ್ಲಿ ಅದು ಅಲ್ಲಿ ಭಾರಿ ಜನಪ್ರಿಯವಾಯಿತು. ಕಟ್ಟಿದಾಕೆ ಮಾತ್ರ ವಾಷಿಂಗ್ಟನ್ನಿನಲ್ಲೇ ಉಳಿದಿದ್ದರು. ಹಕ್ಕು ಅವರ ಹೆಸರಿಗೆ ಮರಳಲು ಕಾನೂನಿನ ಹೋರಾಟವೇ ಬೇಕಾಯಿತು. ಜನಪದ ಎಂದೊಡನೆ 'ಕರ್ತೃ ಯಾರೋ' ಎಂದು ಬರೆದು ಮುಂದೆ ಹೋಗುವ ನಮ್ಮ ಸಂಪಾದಕರೂ ಇದನ್ನು ಓದಬೇಕು. ಕರ್ತೃ ಕೆಲವೊಮ್ಮೆ ಅದೇ ಮನೆಯ ಅಡುಗೆಕೋಣೆಯಲ್ಲಿರುತ್ತಾರೆ.

ಮೈಕ್ ತಂತಿವಾದ್ಯಕ್ಕೆ ಕೈಹಚ್ಚಿದ್ದು ಹದಿನೆಂಟರ ಹೊತ್ತಿಗೆ. ನಮ್ಮ ಸಂಗೀತದ ಲೆಕ್ಕದಲ್ಲಿ ಬಹಳ ತಡ. ಆದರೆ ಕಿವಿ ಆಗಲೇ ಹದಿನೈದು ವರ್ಷ ಹಳೆಯದಾಗಿತ್ತು. ಯುದ್ಧಕ್ಕೆ ಹೋಗುವುದಿಲ್ಲ ಎಂದವರಿಗೆ ಸರ್ಕಾರ ಬದಲಿ ಸೇವೆ ಕೊಡುತ್ತಿದ್ದ ಕಾಲ. ಮೈಕ್‌ಗೆ ಬಾಲ್ಟಿಮೋರ್ ಬಳಿಯ ಕ್ಷಯದ ಆಸ್ಪತ್ರೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಬಿತ್ತು. ಅಲ್ಲಿ ರೋಗಿಯಾಗಿದ್ದವನೊಬ್ಬ ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಗಣಿಯ ಮನೆತನದವನು. ಅವನ ಮೂಲಕ ತಂಗಿ ಹೇಜಲ್ ಡಿಕೆನ್ಸ್ ಪರಿಚಯ. ಗಣಿ ಬಿಟ್ಟು ಕಾರ್ಖಾನೆಗೆ ವಲಸೆ ಬಂದ ಆ ಕುಟುಂಬಗಳ ಬಾಡಿಗೆ ಮನೆಗಳಲ್ಲಿ ರಾತ್ರಿ ಹಾಡು ನಡೆಯುತ್ತಿತ್ತು. ತಟ್ಟೆಯಲ್ಲಿ ಕೇಳಿದ್ದ ದನಿಯ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಭಾಗ್ಯ ಅವನಿಗೆ ಸಿಕ್ಕಿದ್ದು ಅಲ್ಲಿ. ಹೇಜಲ್ ಮುಂದೆ ಗಣಿಕಾರ್ಮಿಕರ ಹಾಡುಗಾರ್ತಿಯಾಗಿ ದೊಡ್ಡ ಹೆಸರು ಮಾಡಿದರು.

1958ರಲ್ಲಿ ಜಾನ್ ಕೊಹೆನ್, ಟಾಮ್ ಪೇಲಿ ಜೊತೆ ಮೈಕ್ 'ನ್ಯೂ ಲಾಸ್ಟ್ ಸಿಟಿ ರ‍್ಯಾಂಬ್ಲರ್ಸ್' ತಂಡ ಕಟ್ಟಿದ. ಅದೇ ವರ್ಷ ಕಿಂಗ್‌ಸ್ಟನ್ ಟ್ರಯೊ ಎಂಬ ಮೂವರು ಹುಡುಗರು 'ಟಾಮ್ ಡೂಲಿ' ಎಂಬ ಗುಡ್ಡಗಾಡಿನ ಹಳೆಯ ಹಾಡನ್ನು ನುಣುಪಾಗಿಸಿ ಹಾಡಿ ಲಕ್ಷಗಟ್ಟಲೆ ತಟ್ಟೆ ಮಾರಿದ್ದರು. ಜನಪದಕ್ಕೆ ಒಮ್ಮೆಗೇ ಪೇಟೆ ಬಂತು. ರ‍್ಯಾಂಬ್ಲರ್ಸ್ ಹಟ ತದ್ವಿರುದ್ಧ. 1920-30ರ ತಟ್ಟೆಗಳಲ್ಲಿ ಹಳ್ಳಿಯವರು ಹೇಗೆ ಮೀಟಿದ್ದರೋ ಹಾಗೇ ಮೀಟಬೇಕು. ಗಡಸು ದನಿ ಗಡಸಾಗಿಯೇ ಇರಲಿ. ಹಾಡಿನ ಮುಂಚೆ ಇದು ಯಾರದು, ಯಾವ ಊರಿನದು, ಯಾವ ವರ್ಷ ಮುದ್ರಣವಾದದ್ದು ಎಂದು ಹೇಳಬೇಕು. ಒಂದು ಕಛೇರಿಗೆ ಮೂವರೇ ಜನ, ವೇದಿಕೆಯ ತುಂಬ ವಾದ್ಯ. ಪ್ರತಿ ಹಾಡಿಗೂ ವಾದ್ಯ ಬದಲಾಯಿಸಿ, ಶ್ರುತಿ ಬದಲಾಯಿಸಿ ಕೂರುವಷ್ಟರಲ್ಲಿ ಸಭೆ ಕಾದು ಕಾದು ನಗುತ್ತಿತ್ತಂತೆ. ದುಡ್ಡು ಆಗಲಿಲ್ಲ. ಆದರೆ ಅವರನ್ನು ಕೇಳಿದ ಒಂದು ತಲೆಮಾರಿನ ಹುಡುಗರು ಹಾಡು ಕಲಿಯುವುದು ಬಿಟ್ಟು ಹಾಡಿದವರನ್ನು ಹುಡುಕಿಕೊಂಡು ಹೊರಟರು.

ಮೈಕ್ ತಾನೂ ಹೊರಟ. 1963ರಲ್ಲಿ ವರ್ಜೀನಿಯಾದ ನಾರ್ಟನ್ ಎಂಬ ಗಣಿಯೂರಿನಲ್ಲಿ ಡಾಕ್ ಬಾಗ್ಸ್ ಸಿಕ್ಕಿದ. 1898ರಲ್ಲಿ ಹುಟ್ಟಿದ ಗಣಿಕಾರ್ಮಿಕ. 1927ರಲ್ಲಿ ನ್ಯೂಯಾರ್ಕಿಗೆ ಹೋಗಿ ಬ್ರನ್ಸ್‌ವಿಕ್ ಕಂಪನಿಗೆ ಕೆಲವು ಹಾಡು ಕೊಟ್ಟು ಬಂದವನು, ಆಮೇಲೆ ಆರ್ಥಿಕ ಕುಸಿತ, ಕಡುಬಡತನ. ಬ್ಯಾಂಜೊ ಕೈಬಿಟ್ಟು ಮತ್ತೆ ಗಣಿಗೆ ಇಳಿದ. ಮೂವತ್ತಕ್ಕೂ ಹೆಚ್ಚು ವರ್ಷ ಯಾರೂ ಅವನನ್ನು ಕೇಳಿರಲಿಲ್ಲ. ಮೈಕ್ ಬಾಗಿಲು ತಟ್ಟಿದ ಕೆಲವೇ ವಾರಗಳಲ್ಲಿ ಅವನು ಉತ್ಸವದ ವೇದಿಕೆಯಲ್ಲಿದ್ದ. ಆಮೇಲಿನ ತಟ್ಟೆಗಳಲ್ಲಿ ಮೈಕ್ ಹಾಡಿಗಷ್ಟೇ ಮೈಕು ಹಿಡಿಯಲಿಲ್ಲ. ಗಣಿಯ ಬದುಕು, ಬ್ಯಾಂಜೊ ಕಲಿತ ಬಗೆ, ಕಪ್ಪು ವಾದ್ಯಗಾರರಿಂದ ಕದ್ದು ಕೇಳಿದ ಮೀಟು, ಎಲ್ಲವನ್ನೂ ಮಾತಾಡಿಸಿ ಹಿಡಿದ.

ಇಷ್ಟು ಹೇಳಿ ನಮ್ಮ ಕಡೆಗೆ ತಿರುಗಿದರೆ ಕಾಣುವ ಚಿತ್ರ ಬೇರೆ.

ಅಜ್ಜಂಪುರಕ್ಕೆ ರೈಲಿನಲ್ಲಿ ಬರುವವರು ದಾಟುವ ಬೀರೂರಿನಲ್ಲಿ ದಸರೆಗೆ ಮೈಲಾರಲಿಂಗಸ್ವಾಮಿಯ ಕಾರ್ಣಿಕ. ಕರಿಕಂಬಳಿಯ ನಿಲುವಂಗಿ, ಕರಡಿಗೂದಲ ಟೊಪ್ಪಿಗೆ, ಹೆಗಲಿಗೆ ಭಂಡಾರದ ಚೀಲ. ಗೊರವಪ್ಪನ ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಪಿಳ್ಳಂಗೋವಿ, ಮೈಮೇಲೆ ಗಂಟೆ. ಡಮರುಗದ ಲಯ, ಕೊಳಲಿನ ಉಸಿರು, ಕುಣಿತಕ್ಕೆ ತಾನೇ ಅಲುಗುವ ಗಂಟೆ. ಒಬ್ಬನೇ ಮನುಷ್ಯ ಮೂರು ವಾದ್ಯ ನಡೆಸುತ್ತಾನೆ. ಅಮೆರಿಕದಲ್ಲಾದರೆ ಇವನ ಹೆಸರಿನ ಮುಂದೆ ಒಂದು ಬಿರುದು ಇರುತ್ತಿತ್ತು. ನಮ್ಮಲ್ಲಿ ಅವನು ಗೊರವಪ್ಪ, ಅಷ್ಟೆ. ಕೈಗೆ ಕಾಣಿಕೆ ಹಾಕಿ, ಹಣೆಗೆ ಭಂಡಾರ ಹಚ್ಚಿಸಿಕೊಂಡು ಮುಂದೆ ಹೋಗುತ್ತೇವೆ.

ಚೌಡಿಕೆಯನ್ನು ನೋಡಿ. ಸೇರಿನಂಥ ಕೊಳಗಕ್ಕೆ ಕೆಳಗಡೆ ಚರ್ಮ ಬಿಗಿದು, ಚರ್ಮದ ನಡುವಿನಿಂದ ನರದ ತಂತಿ ಹಾಯಿಸಿ ಮೇಲಿನ ಕೋಲಿಗೆ ಕಟ್ಟಿರುತ್ತಾರೆ. ಕಂಕುಳಲ್ಲಿ ಇರುಕಿಕೊಂಡು ಮೀಟಬೇಕು. ಬಿಗಿ ಹೆಚ್ಚು ಕಡಿಮೆ ಮಾಡಿದಂತೆ ದನಿ ಏರಿಳಿಯುತ್ತದೆ. ತಂತಿವಾದ್ಯವೋ ಚರ್ಮವಾದ್ಯವೋ ಎಂದು ಪಂಡಿತರು ಇನ್ನೂ ವಾದಿಸುವಂಥ ಸಾಧನ. ಆಸೆಪಟ್ಟು ಅಂಗಡಿಗೆ ಹೋಗಿ ಕೊಂಡು ಕಲಿಯುವ ವಾದ್ಯವಲ್ಲ ಅದು. ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡವರ ಕಂಕುಳಿಗೆ ಬರುವಂಥದ್ದು. ಹಾಗೆಯೇ ಡೊಳ್ಳು ಬೀರಪ್ಪನ ಒಕ್ಕಲಿನದು. ಸಂಬಾಳ, ದಿಮ್ಮು, ಕರಡೆ ವೀರಭದ್ರನ ವೀರಗಾಸೆಯವು. ಕಿನ್ನರಿ ಜೋಗಿಯದು. ಹಲಗೆ ದಲಿತ ಕೇರಿಯದು. ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವ ಜನಕ್ಕೆ ಹಲಗೆಯ ಸದ್ದಿಲ್ಲದೆ ಜಾತ್ರೆಯೇ ಇಲ್ಲ. ಬಡಿಯುವವನು ಗುಡಿಯ ಯಾವ ಗೆರೆಯ ಆಚೆ ನಿಲ್ಲಬೇಕು ಎಂಬುದೂ ಬಹುಕಾಲ ಎಲ್ಲರಿಗೂ ಗೊತ್ತಿತ್ತು.

ಹಾಗಾಗಿ ನಮ್ಮಲ್ಲಿ ವಾದ್ಯ ಬದಲಾಯಿಸುವುದೆಂದರೆ ದೇವರನ್ನು ಬದಲಾಯಿಸಿದಂತೆ, ಕೇರಿ ದಾಟಿದಂತೆ. ಮೈಸೂರು ಅರಮನೆಯ ವೀಣೆ ಶೇಷಣ್ಣನವರು (1852-1926) ವೀಣೆಯ ಜೊತೆಗೆ ಪಿಟೀಲು, ಸ್ವರಬತ್, ಜಲತರಂಗ, ಪಿಯಾನೊ ನುಡಿಸುತ್ತಿದ್ದುದನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ ಆ ಪಟ್ಟಿಯಲ್ಲಿ ಹಲಗೆ ಬರುವುದಿಲ್ಲ, ಬರುವ ದಾರಿಯೇ ಇರಲಿಲ್ಲ. ದೂರದ ಸಾಗರ ದಾಟಿ ಬಂದ ಪಿಯಾನೊ ಅರಮನೆಗೆ ಹತ್ತಿರವಿತ್ತು, ಊರ ಹೊರಗಿನ ಹಲಗೆ ದೂರವಿತ್ತು. ಹಳ್ಳಿಯ ಮಟ್ಟದಲ್ಲಿ ಹಲವು ವಾದ್ಯಕ್ಕೆ ಕೈ ಹಾಕಿದವರೆಂದರೆ ಪೌರಾಣಿಕ ನಾಟಕದ ಹಾರ್ಮೋನಿಯಂ ಮೇಷ್ಟ್ರು. ಪೆಟ್ಟಿಗೆ ಬಾರಿಸುತ್ತ, ತಬಲದವನು ಬಾರದಿದ್ದರೆ ತಬಲವನ್ನೂ ಹಿಡಿದು, ಹುಡುಗರಿಗೆ ಕಂದಪದ್ಯ ಕಲಿಸುತ್ತ ಊರೂರು ತಿರುಗಿದವರು. ಅವರ ಮೇಲೇ ಒಂದು ಪುರವಣಿ ಬರೆಯಬಹುದು, ಇನ್ನೊಂದು ವಾರ.

ಅಮೆರಿಕದಲ್ಲಿ ಈ ಗೋಡೆ ಇರಲಿಲ್ಲವೆಂದೇನೂ ಅಲ್ಲ. ಬ್ಯಾಂಜೊ ಹುಟ್ಟಾ ಆಫ್ರಿಕದ್ದು. ಸೋರೆಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿದ ವಾದ್ಯವನ್ನು ಗುಲಾಮರಾಗಿ ಬಂದವರು ನೆನಪಿನಲ್ಲಿ ಹೊತ್ತು ತಂದು ಅಲ್ಲಿ ಮತ್ತೆ ಕಟ್ಟಿಕೊಂಡರು. 1840ರ ಹೊತ್ತಿಗೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಅವರನ್ನು ಅಣಕಿಸುವ ಆಟಗಳಲ್ಲಿ ಅದೇ ಬ್ಯಾಂಜೊ ಹಿಡಿದರು. ನೂರು ವರ್ಷ ಕಳೆಯುವಷ್ಟರಲ್ಲಿ ಅದು ಬಿಳಿಯ ಗುಡ್ಡಗಾಡಿನವರ ವಾದ್ಯ ಎಂದೇ ಜನ ನಂಬಿದರು. ಮೈಕ್ 1998ರ 'ಸದರ್ನ್ ಬ್ಯಾಂಜೊ ಸೌಂಡ್ಸ್' ಎಂಬ ಆಲ್ಬಮ್ಮಿನಲ್ಲಿ ಬುರುಡೆಯ ಬ್ಯಾಂಜೊದಿಂದ ಹಿಡಿದು ಬೇರೆ ಬೇರೆ ಕಾಲದ ಬ್ಯಾಂಜೊಗಳನ್ನು ಒಂದೊಂದಾಗಿ ನುಡಿಸಿ ಆ ಹಾದಿಯನ್ನು ಕೇಳಿಸಿದ. ವಾದ ಮಾಡಲಿಲ್ಲ, ಬೆರಳಲ್ಲೇ ಹೇಳಿದ. ಆದರೂ ಒಂದು ಮಾತು ಹೇಳಲೇಬೇಕು. ಓದಿದ ಮನೆಯ ಬಿಳಿಯ ಹುಡುಗನಾದ್ದರಿಂದ ಅವನಿಗೆ ಎಲ್ಲ ಬಾಗಿಲೂ ತೆರೆಯಿತು. ಡಾಕ್ ಬಾಗ್ಸ್ ಹತ್ತು ವಾದ್ಯ ಕಲಿಯಲು ಹೊರಟಿದ್ದರೆ ಗಣಿಯ ಮೇಸ್ತ್ರಿ ರಜೆ ಕೊಡುತ್ತಿದ್ದನೆ? ಹಲವು ವಾದ್ಯದವನು ಎನ್ನಿಸಿಕೊಳ್ಳಲು ಹಲವು ಮನೆಗಳಿಗೆ ಹೋಗಿಬರುವ ಸಲುಗೆ ಬೇಕು, ಬಿಡುವೂ ಬೇಕು. ಆ ಸಲುಗೆಯನ್ನು ಮೈಕ್ ತನ್ನ ಹೆಸರಿಗೆ ಖರ್ಚು ಮಾಡದೆ, ಯಾರಿಂದ ಕಲಿತನೋ ಅವರನ್ನು ವೇದಿಕೆಗೆ ಕರೆತರಲು ಬಳಸಿದ ಎಂಬುದೇ ಅವನನ್ನು ಮೆಚ್ಚಲು ನನಗಿರುವ ಕಾರಣ.

ನಮ್ಮ ಜನಪದ ಸಂಗ್ರಹಕ್ಕೂ ಇತಿಹಾಸವಿದೆ, ಸಣ್ಣದೇನಲ್ಲ. ಹಲಸಂಗಿಯ ಗೆಳೆಯರ 'ಗರತಿಯ ಹಾಡು' ಬಂದದ್ದು 1931ರಲ್ಲಿ. ಲೊಮ್ಯಾಕ್ಸ್ ಅಪ್ಪ-ಮಗ ಯಂತ್ರ ಹೇರಿಕೊಂಡು ಹೊರಡುವುದಕ್ಕೂ ಮೊದಲು! ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೀ.ಶಂ. ಪರಮಶಿವಯ್ಯನವರ ಕಾಲ, ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, 2011ರಲ್ಲಿ ಗೊಟಗೋಡಿಯಲ್ಲಿ ಬಂದ ಜಾನಪದ ವಿಶ್ವವಿದ್ಯಾಲಯ. ಆದರೆ ಕಪಾಟಿನಲ್ಲಿ ಸಾಲಾಗಿ ನಿಂತ ಸಂಪುಟಗಳನ್ನು ತೆರೆದು ನೋಡಿದರೆ ಬಹುಪಾಲು ಪದವೇ. ತ್ರಿಪದಿ ಇದೆ, ಲಾವಣಿ ಇದೆ, ಪಾಠಾಂತರ ಇದೆ, ಅಡಿಟಿಪ್ಪಣಿ ಇದೆ. ಯಾವ ಮಟ್ಟಿನಲ್ಲಿ ಹಾಡಿದರು, ಚೌಡಿಕೆಯ ತಂತಿಯನ್ನು ಯಾವ ಪದಕ್ಕೆ ಬಿಗಿದರು, ಯಾವುದಕ್ಕೆ ಸಡಿಲಿಸಿದರು, ಹಲಗೆಯ ಪೆಟ್ಟು ಮದುವೆಗೆ ಯಾವುದು, ಹೆಣದ ಮುಂದೆ ಯಾವುದು ಎಂಬುದನ್ನು ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಾಲು.

ಕಾರಣ ದೊಡ್ಡ ಗುಟ್ಟೇನಲ್ಲ. ನಮ್ಮಲ್ಲಿ ಜನಪದ ಕಾಲಿಟ್ಟದ್ದು ಕನ್ನಡ ಮೇಷ್ಟ್ರ ಹೆಗಲ ಚೀಲದಲ್ಲಿ. ಅವರ ಕೈಯಲ್ಲಿದ್ದದ್ದು ನೋಟುಪುಸ್ತಕ, ಟೇಪ್ ರೆಕಾರ್ಡರ್ ಅಲ್ಲ. ಅವರ ಪ್ರೀತಿ ಸಾಹಿತ್ಯದ ಮೇಲೆ, ಅವರ ಕಿವಿ ಛಂದಸ್ಸಿನ ಮೇಲೆ. ಸಂಗೀತ ಬಲ್ಲವರು ಸಭೆ, ಸಂಸ್ಥಾನ, ರಾಮನವಮಿ ಚಪ್ಪರಗಳಲ್ಲಿದ್ದರು. ಸೀಗರ್ ಮನೆಯಲ್ಲಿ ಆದದ್ದು ನಮ್ಮಲ್ಲಿ ಆಗಲಿಲ್ಲ: ಶಾಸ್ತ್ರೀಯ ಸಂಗೀತದ ಪಾಂಡಿತ್ಯವಿದ್ದ ಒಬ್ಬ ಹೆಣ್ಣುಮಗಳು ಹಳ್ಳಿಯ ಮುದುಕಿಯ ದನಿಯ ಮುಂದೆ ಪೆನ್ಸಿಲ್ ಹಿಡಿದು ಕೂರಲಿಲ್ಲ. ಎಸ್.ಕೆ. ಕರೀಂಖಾನರಂಥವರು ಕೂಡಿಟ್ಟದ್ದನ್ನು ತಾವೇ ಹಾಡುತ್ತ ತಿರುಗಿದ್ದರಿಂದ ಒಂದಿಷ್ಟು ಮಟ್ಟು ಉಳಿಯಿತು. ಹಾಲೆಂಡಿನ ಆರ್ನಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತ ಸುತ್ತಿದಾಗ ಕರ್ನಾಟಕದ ದನಿಗಳನ್ನೂ ಹಿಡಿದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ಜಾಡು ಹಿಡಿದು ಮತ್ತೆ ಬಂದು, ಏನು ಉಳಿದಿದೆ, ಏನು ಬದಲಾಗಿದೆ ಎಂದು ಹೋಲಿಸಿ ನೋಡಿದರು. ಹೊರಗಿನವರು ಬಂದು ಕೇಳಿದ ಪ್ರಶ್ನೆ ಅದು.

ಪದದ ಮೇಲಿನ ಈ ಮೋಹ ಎಷ್ಟು ಆಳವೆಂದರೆ ಕಾರ್ಣಿಕದಲ್ಲೂ ಅದೇ ಕಥೆ. ನುಡಿ ಹೊರಬೀಳುವ ಗಳಿಗೆಗೆ ಸಾವಿರಾರು ಮೊಬೈಲುಗಳು ಮೇಲೇಳುತ್ತವೆ. ಮರುದಿನ ಪತ್ರಿಕೆಗಳಲ್ಲಿ ಆ ಒಂದು ಸಾಲು ಅಚ್ಚಾಗುತ್ತದೆ. ಮಳೆ ಬೆಳೆಗೆ ಏನು ಫಲ, ರಾಜಕೀಯಕ್ಕೆ ಏನು ಫಲ ಎಂಬ ವ್ಯಾಖ್ಯಾನವೂ ಅಚ್ಚಾಗುತ್ತದೆ. ಆ ಸಾಲಿಗೆ ಮುಂಚೆ ಗಂಟೆಗಟ್ಟಲೆ ನುಡಿದ ಡಮರುಗಗಳ ಬಗ್ಗೆ ಅರ್ಧ ಸಾಲೂ ಇರುವುದಿಲ್ಲ. ನಾನೂ ಪತ್ರಿಕೆಗೆ ಬರೆಯುವವನೇ ಆದ್ದರಿಂದ ಇದನ್ನು ಬೇರೆಯವರ ಮೇಲೆ ಹೊರಿಸುವಂತಿಲ್ಲ.

ಕೈಗೆ ಗೌರವ ಸಿಗಲು ಶುರುವಾದದ್ದು ಇತ್ತೀಚೆಗೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಗಂಡಸರದೇ ಎನ್ನುತ್ತಿದ್ದ ಡೊಳ್ಳನ್ನೂ ವೀರಗಾಸೆಯನ್ನೂ ಹೆಣ್ಣುಮಕ್ಕಳ ತಂಡಗಳು ಹೆಗಲಿಗೆ ಹಾಕಿಕೊಂಡಿವೆ. ಕಾಲೇಜಿನ ಯುವಜನೋತ್ಸವಗಳಲ್ಲಿ ಯಾವ ಕೇರಿಯ ಹುಡುಗ ಯಾವ ವಾದ್ಯ ಹಿಡಿದಿದ್ದಾನೆ ಎಂದು ಯಾರೂ ಕೇಳುವುದಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಬಂದಿದೆ. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಮಡಿಚುವ ಸ್ಟ್ಯಾಂಡಿನ ಮೇಲೆ ಕೂರುವ ರಿದಂ ಪ್ಯಾಡ್. ಒಂದು ಚೌಕಕ್ಕೆ ಹೊಡೆದರೆ ತಮಟೆ, ಪಕ್ಕದ್ದಕ್ಕೆ ಡೊಳ್ಳು, ಮೇಲಿನದಕ್ಕೆ ತಬಲ. ಹಲಗೆಯನ್ನು ಬೆಂಕಿಗೆ ಕಾಸಿ ಬಿಗಿ ಮಾಡುವ ಕೆಲಸವಿಲ್ಲ, ಮಳೆಗೆ ಚರ್ಮ ಸಡಿಲಾಗುವ ಭಯವಿಲ್ಲ, ಜಾತಿ ಕೇಳುವ ಪ್ರಶ್ನೆಯೇ ಇಲ್ಲ. ಊರಿನ ಎಲ್ಲ ಚರ್ಮವಾದ್ಯಗಳನ್ನೂ ಒಬ್ಬನೇ ನುಡಿಸುವ ಕಲಾವಿದ ಕೊನೆಗೂ ನಮ್ಮಲ್ಲಿ ಹುಟ್ಟಿದ್ದಾನೆ ಎಂದು ಬೇಕಾದರೆ ಸಂತೋಷಪಡಬಹುದು. ಆ ಹುಡುಗನನ್ನು ನಾನು ಹಳಿಯುವುದಿಲ್ಲ, ಅವನ ಕೈಯೂ ಚುರುಕೇ. ಆದರೆ ಪ್ಯಾಡಿನ ಡೊಳ್ಳಿಗೆ ಎಡ ಬಲ ಎಂಬುದಿಲ್ಲ. ಒಂದು ಕಡೆ ಕೋಲಿನ ಏಟು, ಇನ್ನೊಂದು ಕಡೆ ಅಂಗೈಯ ಪೆಟ್ಟು, ಇವುಗಳ ನಡುವೆ ಸೊಂಟ ತಿರುಗಿ ಹೊರಡುವ ತೂಕ, ಇದು ಯಾವ ಚೌಕದಲ್ಲೂ ಇಲ್ಲ. ಪ್ಯಾಡಿನೊಳಗಿನ ತಮಟೆ ಯಾವ ಊರಿನದು, ಯಾರ ಕೈಯದು ಎಂದು ಮಾರಿದ ಕಂಪನಿಗೂ ಗೊತ್ತಿರಲಾರದು.

ಬಾಬ್ ಡಿಲನ್ 2004ರ ತನ್ನ ಆತ್ಮಕಥನದಲ್ಲಿ ಮೈಕ್ ಸೀಗರ್ ಬಗ್ಗೆ ಬರೆದಿದ್ದಾನೆ. ತಾನು ಬೆವರು ಸುರಿಸಿ ಕಲಿಯಬೇಕಾದದ್ದು ಮೈಕ್‌ಗೆ ಹುಟ್ಟಿನಿಂದಲೇ ಬಂದಂತಿದೆ, ರಕ್ತದಲ್ಲೇ ಇದೆ ಎಂದು ಅವನಿಗೆ ಅನ್ನಿಸಿತಂತೆ. ಈ ಹಾದಿಯಲ್ಲಿ ಇವನನ್ನು ಮೀರುವುದು ಆಗದ ಮಾತು, ತನ್ನ ಹಾಡು ತಾನೇ ಬರೆದುಕೊಳ್ಳುವುದು ಲೇಸು ಎಂಬ ಯೋಚನೆ ಬಂದದ್ದು ಆಗಲೇ ಎಂಬರ್ಥದ ಮಾತು ಅಲ್ಲಿದೆ. ಡಿಲನ್ ಡಿಲನ್ ಆಗಲು ಮೈಕ್ ಒಂದು ಕಾರಣ ಎಂದರೆ ಸಣ್ಣ ಮಾತಲ್ಲ. ಆದರೆ ರಕ್ತದ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಹಾರ್ವರ್ಡಿನಲ್ಲಿ ಓದಿದ ಅಪ್ಪನ ರಕ್ತದಲ್ಲಿ ಗಣಿಯ ಬ್ಯಾಂಜೊ ಎಲ್ಲಿಂದ ಬರಬೇಕು? ಇದ್ದದ್ದು ಕಳ್ಳಿಮುಳ್ಳು, ತಟ್ಟೆ, ಸಾವಿರ ಸಲ ಕೇಳುವ ಬಿಡುವು, ಲಿಬ್ಬಾ ಅವರ ಎಡಗೈ. ನಮ್ಮಲ್ಲೂ 'ಅದು ಅವರ ಕುಲದಲ್ಲೇ ಬಂದ ವಿದ್ಯೆ' ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಹೊಗಳಿಕೆಯಂತೆ ಕೇಳುತ್ತದೆ. ಕಲಿತವನ ಶ್ರಮವನ್ನು ಅಳಿಸಿಹಾಕಿ, ಕಲಿಯಬೇಕೆಂದವನ ಮುಂದೆ ಬಾಗಿಲು ಹಾಕುವ ಮಾತು ಅದು.

ಕೊನೆಯ ವರ್ಷಗಳಲ್ಲೂ ಮೈಕ್ ಕೆಲಸ ನಿಲ್ಲಿಸಲಿಲ್ಲ. 2007ರಲ್ಲಿ ರಾಬರ್ಟ್ ಪ್ಲಾಂಟ್ ಮತ್ತು ಆಲಿಸನ್ ಕ್ರಾಸ್ ತಂದ 'ರೇಸಿಂಗ್ ಸ್ಯಾಂಡ್' ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಕೇಳುವ ಆಟೊಹಾರ್ಪ್ ಅವನದು. ಆರು ಸಲ ಗ್ರ್ಯಾಮಿಗೆ ಹೆಸರು ಹೋಗಿತ್ತು, ಒಮ್ಮೆಯೂ ಸಿಗಲಿಲ್ಲ. ಅಡುಗೆಮನೆಯ ಲಿಬ್ಬಾ ಅವರಿಗೆ ಸಿಕ್ಕಿತ್ತಲ್ಲ, ಲೆಕ್ಕ ಸರಿಹೋಯಿತು ಎನ್ನಬಹುದು. ಊರೂರಿನಲ್ಲಿ ಹಿಡಿದ ಧ್ವನಿಯ ಸಂಗ್ರಹ ಈಗ ಚಾಪೆಲ್ ಹಿಲ್‌ನ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿದೆ, ಕೇಳಬೇಕೆನ್ನುವವರಿಗೆ ತೆರೆದಿದೆ.

ಅವನ ಕೆಲಸಗಳಲ್ಲಿ ಅಜ್ಜಂಪುರದ ಕಡೆಗೆ ನೇರವಾಗಿ ಒದಗುವಂಥದ್ದು ಹಾಡಿನದೂ ಅಲ್ಲ, ವಾದ್ಯದ್ದೂ ಅಲ್ಲ. 1987ರಲ್ಲಿ ಅವನು 'ಟಾಕಿಂಗ್ ಫೀಟ್' ಎಂಬ ಸಾಕ್ಷ್ಯಚಿತ್ರ ಮಾಡಿದ. ಅಮೆರಿಕದ ದಕ್ಷಿಣ ಗುಡ್ಡಗಾಡಿನಲ್ಲಿ ಒಬ್ಬೊಬ್ಬರೇ ನಿಂತು ಮರದ ನೆಲದ ಮೇಲೆ ಹೆಜ್ಜೆಯಲ್ಲೇ ತಾಳ ನುಡಿಸುವ ಕುಣಿತದವರನ್ನು, ಕಪ್ಪು ಬಿಳಿ ಇಬ್ಬರನ್ನೂ, ಅವರವರ ಮನೆ ಅಂಗಳದಲ್ಲೇ ಹಿಡಿದ ಚಿತ್ರ. ಕ್ಯಾಮೆರಾ ಪಾದಗಳ ಮೇಲಿರುತ್ತದೆ. ಕುಣಿದವರು ನಿಂತು, ಈ ಹೆಜ್ಜೆ ಯಾರಿಂದ ಬಂತು, ಅಪ್ಪ ಹೇಗೆ ಹಾಕುತ್ತಿದ್ದ, ತಾನು ಎಲ್ಲಿ ಬದಲಾಯಿಸಿದೆ ಎಂದು ಹೇಳುತ್ತಾರೆ. ವೀರಗಾಸೆಯ ಒಡಪುಗಳು ನಮ್ಮಲ್ಲಿ ಪುಸ್ತಕದಲ್ಲಿ ಸಿಗುತ್ತವೆ. ಒಡಪು ಮುಗಿದು ಸಂಬಾಳ ಎದ್ದಾಗ ಕತ್ತಿ ಹಿಡಿದವನ ಕಾಲು ಮೊದಲು ಯಾವ ಕಡೆಗೆ ಹೋಗುತ್ತದೆ, ಸಂಬಾಳದವನು ಅವನ ಕಾಲು ನೋಡಿ ಬಡಿಯುತ್ತಾನೋ, ಅವನು ಸಂಬಾಳ ಕೇಳಿ ಕುಣಿಯುತ್ತಾನೋ, ಕಡೂರಿನ ತಂಡಕ್ಕೂ ತರೀಕೆರೆಯ ತಂಡಕ್ಕೂ ಪೆಟ್ಟಿನಲ್ಲಿ ವ್ಯತ್ಯಾಸವೇನು ಎಂಬುದಕ್ಕೆ ಪುಸ್ತಕ ಸಾಲದು. ಅದಕ್ಕೆ ಬೇಕಾದ್ದು ಕಾರ್ತಿಕದ ಒಂದು ಸಂಜೆ, ಮುಖ ಬಿಟ್ಟು ಕೈಕಾಲಿನ ಮೇಲೆ ನೆಟ್ಟ ಒಂದು ಮೊಬೈಲು, ಅದನ್ನು ಅಲುಗದಂತೆ ನಿಲ್ಲಿಸುವ ಸ್ಟ್ಯಾಂಡು, ಅವಸರವಿಲ್ಲದೆ ಪ್ರಶ್ನೆ ಕೇಳಬಲ್ಲ ಒಬ್ಬ ಕಾಲೇಜು ಹುಡುಗಿ, ಮತ್ತು ತಂಡದವರಿಗೆ ಊಟದ ಜೊತೆ ಕೈತುಂಬ ಸಂಭಾವನೆ. ಸಂಭಾವನೆಯನ್ನು ಕುಣಿತಕ್ಕೆ ಮುಂಚೆಯೇ ಕೊಟ್ಟುಬಿಟ್ಟರೆ ಮಾತೂ ಚೆನ್ನಾಗಿ ಬರುತ್ತದೆ.